ಟೆಕ್ಸಸ್‌ನ ಚೆಕ್ ಹಳ್ಳಿಗಳ ಚಿತ್ತಾರದ ಚರ್ಚುಗಳು: ಒಂದು ದಿನದಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ. ಶುಲೆನ್‌ಬರ್ಗ್ ಎಂಬ ಊರಿನ ಸುತ್ತ ಚೆಕ್ ವಲಸಿಗರು ಕಟ್ಟಿದ, ಒಳಗೆಲ್ಲ ಬಣ್ಣದ ಚಿತ್ತಾರವಿರುವ ಚರ್ಚುಗಳಿವೆ ಎಂದು ಕೇಳಿದೆವು. ಕ್ರೈಸ್ತರಲ್ಲದ ನಾವು ಒಳಗೆ ಹೋಗಬಹುದೇ? ಒಂದೇ ದಿನ ಸಿಗುವುದು, ಯಾವುದನ್ನು ನೋಡಬೇಕು? ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಅಲ್ಲಿ ಹೊಸದೇನಾದರೂ ಇದೆಯೇ? ನಾವು ಸಸ್ಯಾಹಾರಿಗಳು, ಊಟದ ವಿಷಯವನ್ನೂ ತಿಳಿಸಿ.

ಉತ್ತರ:

ಧಾರಾಳವಾಗಿ ಹೋಗಬಹುದು. ನೀವು ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಟಿಕೆಟ್ ಇಲ್ಲ, ಕಾಣಿಕೆ ಡಬ್ಬಿ ಇರುತ್ತದೆ. ಛಾವಣಿ ಸೋರದಂತೆ ನೋಡಿಕೊಳ್ಳುವುದಕ್ಕೆ ಈ ಸಣ್ಣ ಊರುಗಳಿಗೆ ಆ ದುಡ್ಡು ನಿಜಕ್ಕೂ ಬೇಕು, ಹಾಗಾಗಿ ಏನಾದರೂ ಹಾಕಿ ಬನ್ನಿ. ಇಲ್ಲಿ ಇವತ್ತಿಗೂ ಬಲಿಪೂಜೆ (ಕಥೋಲಿಕರ ಸಾಮೂಹಿಕ ಪ್ರಾರ್ಥನೆ, ಮಾಸ್), ಮದುವೆ, ಅಂತ್ಯಸಂಸ್ಕಾರಗಳು ನಡೆಯುತ್ತವೆ. ಬಂದವರ ಯೋಜನೆ ಕೆಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಭಾನುವಾರ ಬೆಳಿಗ್ಗೆ ಪೂಜೆ, ಶನಿವಾರ ಮಧ್ಯಾಹ್ನ ಮದುವೆ, ಶನಿವಾರ ಸಂಜೆ ಮತ್ತೆ ಪೂಜೆ. ಸಾಧ್ಯವಿದ್ದರೆ ವಾರದ ನಡುವಿನ ಒಂದು ದಿನ ರಜೆ ಹಾಕಿ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಾಗಿಲು ತೆಗೆದಿರುವುದು ವಾಡಿಕೆ. ಆದರೂ ಹೊರಡುವ ಹಿಂದಿನ ದಿನ ಶುಲೆನ್‌ಬರ್ಗ್‌ನ ಚೇಂಬರ್ ಆಫ್ ಕಾಮರ್ಸ್ ಕಚೇರಿಗೆ ಫೋನ್ ಮಾಡಿ, ನಾಳೆ ಯಾವ ಚರ್ಚಿನಲ್ಲಾದರೂ ಅಂತ್ಯಕ್ರಿಯೆ ಇದೆಯೇ, ರಿಪೇರಿ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ. ನಕ್ಷೆಯೂ ಅವರಲ್ಲೇ ಸಿಗುತ್ತದೆ. ಮೊದಲೇ ಹೇಳಿಟ್ಟರೆ ಶುಲ್ಕ ಪಡೆದು ಸ್ಥಳೀಯ ಮಾರ್ಗದರ್ಶಕರನ್ನೂ ಜೊತೆಗೆ ಕಳಿಸುತ್ತಾರೆ. ಎರಡು ಮೂರು ಕುಟುಂಬ ಸೇರಿ ಹೋಗುವುದಾದರೆ ಅದು ಒಳ್ಳೆಯದು.

ಶುಲೆನ್‌ಬರ್ಗ್ ಇರುವುದು ಹ್ಯೂಸ್ಟನ್ ಮತ್ತು ಸ್ಯಾನ್ ಆಂಟೋನಿಯೊಗಳ ಹೆಚ್ಚುಕಡಿಮೆ ನಡುಮಧ್ಯದಲ್ಲಿ, ಇಂಟರ್‌ಸ್ಟೇಟ್ 10ರ ಪಕ್ಕದಲ್ಲೇ. ನಿಮ್ಮಲ್ಲಿಂದ ಸುಮಾರು 160 ಕಿ.ಮೀ. ಆಸ್ಟಿನ್ ಕಡೆಯವರಿಗೂ ಅದಕ್ಕಿಂತ ದೂರವೇನಿಲ್ಲ. ಎಲ್ಲರೂ ನೋಡುವ ನಾಲ್ಕು ಚರ್ಚುಗಳೆಂದರೆ ಡುಬಿನಾ, ಅಮ್ಮನ್ಸ್‌ವಿಲ್, ಹೈ ಹಿಲ್ ಮತ್ತು ಪ್ರಾಹಾ. ನಾಲ್ಕೂ ಫಯೆಟ್ ಕೌಂಟಿಯಲ್ಲಿವೆ. ಶುಲೆನ್‌ಬರ್ಗ್‌ನಿಂದ ಹೊರಟು ನಾಲ್ಕನ್ನೂ ಸುತ್ತಿ ಬಂದರೆ 80ರಿಂದ 100 ಕಿ.ಮೀ. ಆಗುತ್ತದೆ.

ಹೊರಡುವ ಮುಂಚೆ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಫೋನಿನಲ್ಲಿ ಚರ್ಚಿನ ಹೆಸರು ಹಾಕಿ ಹುಡುಕಬೇಡಿ, ಊರಿನ ಹೆಸರು ಹಾಕಿ. ಹೈ ಹಿಲ್‌ನದೂ ಸೇಂಟ್ ಮೇರೀಸ್, ಪ್ರಾಹಾದ್ದೂ ಸೇಂಟ್ ಮೇರೀಸ್. ಸಂತ ಸಿರಿಲ್ ಮತ್ತು ಮೆಥೋಡಿಯಸ್ ಹೆಸರಿನ ಚರ್ಚು ಡುಬಿನಾದಲ್ಲೂ ಇದೆ, ದಕ್ಷಿಣಕ್ಕೆ ಶೈನರ್ ಊರಿನಲ್ಲೂ ಇದೆ. ಸೇಂಟ್ ಜಾನ್ ಹೆಸರಿನವಂತೂ ಆ ಸೀಮೆಯಲ್ಲಿ ಹಲವು. ತಪ್ಪಿದರೆ ಒಂದು ಗಂಟೆ ಹೋದಂತೆಯೇ. ಹಳ್ಳಿ ರಸ್ತೆಗಳಲ್ಲಿ ಸಿಗ್ನಲ್ ಆಗಾಗ ಹೋಗುವುದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ.

ಹ್ಯೂಸ್ಟನ್‌ನಿಂದ ಬರುವವರಿಗೆ ಈ ಕ್ರಮ ಅನುಕೂಲ: ಎಕ್ಸಿಟ್ 674ರಲ್ಲಿ ಇಳಿದು ಯು.ಎಸ್. 77ರಲ್ಲಿ ಉತ್ತರಕ್ಕೆ ಸ್ವಲ್ಪ ದೂರ ಹೋಗಿ ಬಲಕ್ಕೆ ಎಫ್‌ಎಂ 1383 ಹಿಡಿಯಿರಿ (ಎಫ್‌ಎಂ ಎಂದರೆ ಟೆಕ್ಸಸ್‌ನ ಹಳ್ಳಿ ಕಡೆಯ ಸರ್ಕಾರಿ ರಸ್ತೆ). ಮೊದಲು ಡುಬಿನಾ, ಅದೇ ರಸ್ತೆಯಲ್ಲಿ ಮುಂದೆ ಅಮ್ಮನ್ಸ್‌ವಿಲ್. ಹಿಂದಿರುಗಿ ಎಫ್‌ಎಂ 2672ರಲ್ಲಿ ಹೈ ಹಿಲ್. ಮಧ್ಯಾಹ್ನ ಶುಲೆನ್‌ಬರ್ಗ್‌ನಲ್ಲಿ ಊಟ, ವಿಶ್ರಾಂತಿ. ಆಮೇಲೆ ಯು.ಎಸ್. 90ರಲ್ಲಿ ಪಶ್ಚಿಮಕ್ಕೆ ಹೋಗಿ, ಫ್ಲಟೋನಿಯಾ ಇನ್ನೂ ಸುಮಾರು 5 ಕಿ.ಮೀ. ಇದೆ ಎನ್ನುವಾಗ ಎಡಕ್ಕೆ ಎಫ್‌ಎಂ 1295ಕ್ಕೆ ತಿರುಗಿದರೆ ಪ್ರಾಹಾ. ಒಂದೊಂದಕ್ಕೆ ನಲವತ್ತು ನಿಮಿಷವಾದರೂ ಇಟ್ಟುಕೊಳ್ಳಿ. ಒಳಗೆ ಕಾಲಿಟ್ಟು, ನಾಲ್ಕು ಫೋಟೊ ತೆಗೆದು, ಹತ್ತು ನಿಮಿಷಕ್ಕೆ ಹೊರಬೀಳುವವರಿಗೆ ನಾಲ್ಕು ಚರ್ಚುಗಳೂ ಕೊನೆಗೆ ಒಂದೇ ಆಗಿ ಕಲಸಿಹೋಗುತ್ತವೆ. ಅಪ್ಪ ಅಮ್ಮನಿಗೆ ಆಯಾಸವಾಗುವ ಹಾಗಿದ್ದರೆ ಡುಬಿನಾ ಮತ್ತು ಪ್ರಾಹಾ ಎರಡೇ ಸಾಕು. ಒಂದೇ ಒಂದು ಎಂದರೆ ಪ್ರಾಹಾ.

ಹೈ ಹಿಲ್ ಬಿಟ್ಟು ಈ ಎರಡನ್ನು ಯಾಕೆ ಆರಿಸಿದಿರಿ ಎಂದು ಕೆಲವರು ಕೇಳುತ್ತಾರೆ, ಏಕೆಂದರೆ ಪ್ರವಾಸಿ ಕರಪತ್ರಗಳಲ್ಲಿ ಹೈ ಹಿಲ್ ಈ ಚರ್ಚುಗಳ ರಾಣಿ. ಕೆಂಪು ಇಟ್ಟಿಗೆಯ ಆ 1906ರ ಕಟ್ಟಡ ನಾಲ್ಕರಲ್ಲಿ ಅತಿ ವೈಭವದ್ದು ಎಂಬುದು ನಿಜ. ಆದರೆ ಅದನ್ನು ಕಟ್ಟಿದವರು ಜರ್ಮನ್ ಮಾತಾಡುವ ಜನ. ಅವರಲ್ಲಿ ಅನೇಕರು ಬಂದದ್ದು ಚೆಕ್ಕರು ಬಂದ ಮೊರಾವಿಯಾದಿಂದಲೇ (ಇಂದಿನ ಚೆಕ್ ದೇಶದ ಪೂರ್ವ ಭಾಗ), ಭಾಷೆ ಮಾತ್ರ ಬೇರೆ. ಆ ಕಾಲಕ್ಕೆ ಬೊಹೀಮಿಯಾ, ಮೊರಾವಿಯಾ ಎರಡೂ ಆಸ್ಟ್ರಿಯಾ ಸಾಮ್ರಾಜ್ಯದೊಳಗಿದ್ದವು, ಹಾಗಾಗಿ ಹಳೆಯ ದಾಖಲೆಗಳಲ್ಲಿ ಇಬ್ಬರನ್ನೂ ಆಸ್ಟ್ರಿಯನ್ನರೆಂದೇ ಬರೆದಿರುವುದುಂಟು. ನೀವು ಕೇಳಿದ್ದು ಚೆಕ್ ಚರ್ಚುಗಳ ಬಗ್ಗೆಯಾದ್ದರಿಂದ ಈ ಮಾತು.

ಚೆಕ್ಕರು ಟೆಕ್ಸಸ್‌ಗೆ ಗುಂಪುಗುಂಪಾಗಿ ಬರತೊಡಗಿದ್ದು 1850ರ ದಶಕದಲ್ಲಿ. ಕ್ಯಾಟ್ ಸ್ಪ್ರಿಂಗ್ ಎಂಬಲ್ಲಿ ನೆಲೆಸಿದ್ದ ಬರ್ಗ್‌ಮನ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ತವರಿಗೆ ಬರೆದ ಪತ್ರಗಳು ಅಲ್ಲಿ ಕೈಯಿಂದ ಕೈಗೆ ಹರಿದಾಡಿದವು. ತುಂಡು ನೆಲಕ್ಕೆ ಒದ್ದಾಡುತ್ತಿದ್ದ ರೈತರಿಗೆ ಟೆಕ್ಸಸ್‌ನ ಅಗ್ಗದ ಜಮೀನಿನ ಸುದ್ದಿ ಸಾಕಾಯಿತು. ಹಡಗಿನಲ್ಲಿ ಗ್ಯಾಲ್ವೆಸ್ಟನ್ ಬಂದರು, ಅಲ್ಲಿಂದ ಎತ್ತಿನ ಗಾಡಿ. ಡುಬಿನಾಕ್ಕೆ 1856ರಲ್ಲಿ ಬಂದ ಮೊರಾವಿಯಾದ ಕುಟುಂಬಗಳು ಮೊದಲು ತಂಗಿದ್ದು ಓಕ್ ಮರಗಳ ತೋಪಿನಲ್ಲಿ. ಊರಿನ ಹೆಸರಿಗೂ ಅದೇ ಅರ್ಥ. ಇಂಥ ಊರುಗಳಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಹೆಸರು ಮತ್ತೆಮತ್ತೆ ಕಾಣುವುದಕ್ಕೂ ಕಾರಣವಿದೆ. ಈ ಇಬ್ಬರು ಸೋದರರು 863ರಲ್ಲಿ ಮೊರಾವಿಯಾಕ್ಕೆ ಬಂದು, ಪೂಜೆಯನ್ನು ಜನರ ಸ್ಲಾವ್ ನುಡಿಯಲ್ಲೇ ನಡೆಸಿದವರು. ಮನೆಮಾತನ್ನು ಬಿಡಲೊಲ್ಲದ ವಲಸಿಗರು ತಮ್ಮ ಚರ್ಚಿಗೆ ಅವರ ಹೆಸರಿಟ್ಟದ್ದು ಸಹಜವೇ. ಬಲಿಪೀಠದ (ಪಾದ್ರಿ ಪೂಜೆ ನಡೆಸುವ ಪೀಠ) ಹತ್ತಿರ ಗಡ್ಡದ ಇಬ್ಬರು ಜೋಡಿಯಾಗಿ ನಿಂತಿರುವುದನ್ನು ಕಂಡರೆ ಅವರೇ ಇವರು.

ಈಗ ಚಿತ್ತಾರದ ವಿಷಯ. ಬಡ ರೈತರು ಹಗಲು ಹೊಲದಲ್ಲಿ ದುಡಿದು, ರಾತ್ರಿ ದೀಪ ಹಿಡಿದು ಚರ್ಚಿಗೆ ಬಣ್ಣ ಬಳಿದರು ಎಂಬ ಕಥೆ ಎಲ್ಲೆಡೆ ಹಬ್ಬಿದೆ. ಕೇಳಲು ಚೆಂದ, ಆದರೆ ಮುಖ್ಯ ಚರ್ಚುಗಳಲ್ಲಿ ಹಾಗಾಗಿಲ್ಲ. ರೈತರು ಹಣ ಕೂಡಿಸಿ ವೃತ್ತಿಪರ ಚಿತ್ತಾರಗಾರರನ್ನು ಕರೆಸಿದರು. ಪ್ರಾಹಾದ ಒಳಗನ್ನು 1895ರಲ್ಲಿ ಬರೆದವನು ಸ್ವಿಟ್ಜರ್ಲೆಂಡ್ ಮೂಲದ ಗಾಟ್‌ಫ್ರೀಡ್ ಫ್ಲೂರಿ. ಹೈ ಹಿಲ್‌ನ ಒಳಗನ್ನು 1912ರಲ್ಲಿ ಬರೆದವರು ಸ್ಯಾನ್ ಆಂಟೋನಿಯೊದಿಂದ ಬಂದ ಫರ್ಡಿನಾಂಡ್ ಸ್ಟಾಕರ್ಟ್ ಮತ್ತು ಹರ್ಮನ್ ಕೆರ್ನ್. ಕಥೆ ನಿಜವಾಗುವ ಒಂದು ಚರ್ಚೂ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಅಲೋಶಿಯಸ್ ಚಾಪೆಲ್ ಜೊತೆಗಿನ ಹೋಲಿಕೆ ಒಳ್ಳೆಯ ಪ್ರಶ್ನೆ, ಕಾಲವೂ ಹತ್ತಿರದ್ದೇ. ಆ ಚಾಪೆಲ್‌ನ ಚಿತ್ರಗಳನ್ನು ಬರೆದ ಇಟಲಿಯ ಅಂತೋನಿಯೊ ಮೊಸ್ಕೆನಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದದ್ದು 1900ರ ಆಸುಪಾಸಿನಲ್ಲಿ. ಆದರೆ ಅಲ್ಲಿಯದು ಹೆಚ್ಚಾಗಿ ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೊ, ಮತ್ತು ಕಥೆ ಹೇಳುವ ಚಿತ್ರ: ಸಂತರ ಬದುಕು, ಪ್ರಸಂಗಗಳು, ತುಂಬ ಜನ. ಇಲ್ಲಿ ಬಣ್ಣ ಕೂತಿರುವುದು ಬಹುಪಾಲು ಮರದ ಹಲಗೆಯ ಮೇಲೆ. ಮನುಷ್ಯಾಕೃತಿಗಳು ಕಡಿಮೆ, ಬಳ್ಳಿ, ಹೂ, ನಕ್ಷತ್ರ, ಅಂಚುಪಟ್ಟಿ, ಸಂಕೇತಗಳೇ ಹೆಚ್ಚು. ಮೊಸ್ಕೆನಿಯ ಗೋಡೆಯನ್ನು ಓದುವ ಹಾಗೆ ಇದನ್ನು ಓದಲು ಹೋದರೆ ನಿರಾಶೆಯಾಗುತ್ತದೆ. ಇಲ್ಲಿ ನೋಡಬೇಕಾದದ್ದು ಮರವನ್ನು ಕಲ್ಲಾಗಿಸುವ ಕೈಚಳಕ. ತವರಿನ ಚರ್ಚುಗಳ ಕಲ್ಲಿನ ಕಮಾನು, ಅಮೃತಶಿಲೆಯ ಕಂಬ ಇವೆಲ್ಲ ಅವರ ಕಣ್ಣಲ್ಲಿದ್ದವು. ಕೈಯಲ್ಲಿದ್ದದ್ದು ಪೈನ್ ಹಲಗೆ ಮತ್ತು ಬಣ್ಣದ ಡಬ್ಬಿ.

ಆ ಕೈಚಳಕವನ್ನು ಹಿಡಿಯುವುದು ಹೀಗೆ. ಕಂಬದ ಹತ್ತಿರ ಹೋಗಿ (ಮುಟ್ಟಬೇಡಿ), ಅಮೃತಶಿಲೆಯ ಎಳೆಗಳಂತೆ ಕಾಣುವ ಬಿಳಿ, ಬೂದು ಗೆರೆಗಳನ್ನು ಹಿಂಬಾಲಿಸಿ. ಎಲ್ಲೋ ಒಂದು ಕಡೆ ಆ ಗೆರೆಯ ಅಡಿಯಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಇಳಿಯುವ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಅದು ಎರಡು ಹಲಗೆಗಳ ಕೂಡು. ಕಲ್ಲಿನ ಎಳೆ ಅದನ್ನು ದಾಟಿ ಹೋಗಿರುತ್ತದೆ, ಮರ ಮಾತ್ರ ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಬಣ್ಣದ ಅಡಿಯಿಂದ ಮರದ ನಾರೂ ಉಬ್ಬಿ ಕಾಣುತ್ತದೆ. ಹಸಿ ಬಣ್ಣದ ಮೇಲೆ ಸಣ್ಣ ಕುಂಚ ಅಥವಾ ಹಕ್ಕಿಯ ಗರಿಯನ್ನು ಎಳೆದು ಇಂಥ ಗೆರೆ ಮೂಡಿಸುವುದು ಆ ಕಾಲದ ಚಿತ್ತಾರಗಾರರಿಗೆ ನಿತ್ಯದ ಕೆಲಸ.

ಮುಂದೆ ಗೋಡೆಯ ಅಂಚುಪಟ್ಟಿ. ಇದು ಕೊರೆಯಚ್ಚಿನ ಕೆಲಸ: ದಪ್ಪ ಕಾಗದದಲ್ಲಿ ಆಕಾರ ಕೊರೆದು, ಗೋಡೆಗೆ ಒತ್ತಿಹಿಡಿದು ಬಣ್ಣ ತಟ್ಟುವುದು. ಕಾಗದದ ನಡುವಿನ ತುಂಡು ಕಳಚಿ ಬೀಳದಿರಲಿ ಎಂದು ಅಲ್ಲಲ್ಲಿ ಸಣ್ಣ ಪಟ್ಟಿ ಬಿಟ್ಟಿರುತ್ತಾರೆ. ಆ ಜಾಗ ಗೋಡೆಯ ಮೇಲೆ ಬಣ್ಣವಿಲ್ಲದ ಕಿರು ಅಂತರವಾಗಿ ಉಳಿಯುತ್ತದೆ. ಒಂದೇ ಎಲೆ, ಒಂದೇ ಹೂವು, ಅದೇ ಜಾಗದಲ್ಲಿ ಅದೇ ಅಂತರ, ಮತ್ತೆಮತ್ತೆ ಬಂದರೆ ಅದು ಅಚ್ಚು. ಅಂತರವೇ ಕಾಣದೆ ಎಲೆಯ ಅಂಚು ಒಂದೊಂದು ಕಡೆ ಒಂದೊಂದು ಥರ ಇದ್ದರೆ, ಅಚ್ಚು ಹಾಕಿದ ಮೇಲೆ ಕುಂಚ ಹಿಡಿದು ಕೈಯಲ್ಲೇ ತುಂಬಿದ್ದಾರೆ ಎಂದರ್ಥ. ಮೂಲೆಗೆ ಬಂದಾಗ ಅಚ್ಚು ಪೂರ್ತಿ ಹಿಡಿಯದೆ ಅರ್ಧ ಹೂವಿಗೆ ನಿಂತಿರುವುದನ್ನೂ ಹುಡುಕಿ ನೋಡಿ. ಮಕ್ಕಳಿದ್ದರೆ ಈ ಹುಡುಕಾಟದಲ್ಲಿ ಅರ್ಧ ಗಂಟೆ ಕಳೆಯುವುದು ಗೊತ್ತಾಗುವುದಿಲ್ಲ.

ಉಬ್ಬುಶಿಲ್ಪದಂತೆ ಕಾಣುವ ಅಂಚುಗಳಲ್ಲಿ ನೆರಳನ್ನು ಗಮನಿಸಿ. ಗೆರೆಯ ಒಂದು ಬದಿಗೆ ಕಪ್ಪು, ಇನ್ನೊಂದು ಬದಿಗೆ ತೆಳು ಬಿಳಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಬರೆದವನು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾನೆ. ಆ ಲೆಕ್ಕ ನಿಜವಾದ ಕಿಟಕಿಯ ಬೆಳಕಿಗೆ ಹೊಂದಿದ ಕಡೆ ಚಪ್ಪಟೆ ಹಲಗೆ ಉಬ್ಬಿ ಬಂದಂತೆ ಕಾಣುತ್ತದೆ, ಹೊಂದದ ಕಡೆ ಮಾಯೆ ತಟ್ಟನೆ ಬಿಟ್ಟುಹೋಗುತ್ತದೆ. ಅದಕ್ಕಾಗಿಯೇ ಹಗಲು ಬೆಳಕು ಚೆನ್ನಾಗಿರುವಾಗ, ಹತ್ತರಿಂದ ಎರಡರೊಳಗೆ, ಆದಷ್ಟು ಚರ್ಚುಗಳನ್ನು ನೋಡಿಬಿಡಬೇಕು. ಮೋಡ ಕವಿದ ಸಂಜೆ ವಿದ್ಯುದ್ದೀಪ ಹಾಕಿಸಿಕೊಂಡು ನೋಡಿದರೆ ಎಲ್ಲ ಚಪ್ಪಟೆ.

ಪ್ರಾಹಾವನ್ನು ಮೊದಲ ಸಾಲಿಗೆ ತಂದದ್ದು ಅದರ ಮೇಲ್ಛಾವಣಿಗಾಗಿ. ಹೊರಗಿನಿಂದ ಅದು ಬೂದು ಕಲ್ಲಿನ, ಗಂಭೀರವಾದ ಕಟ್ಟಡ. ಒಳಗೆ ತಲೆಯೆತ್ತಿದರೆ, ಒಂದು ಹಲಗೆಯ ಅಂಚು ಪಕ್ಕದ ಹಲಗೆಯಲ್ಲಿ ತೋಡಿದ ಜಾಡಿಗೆ ಕೂರುವಂತೆ ಜೋಡಿಸಿದ ಸಪೂರ ಹಲಗೆಗಳ ಛಾವಣಿ, ಅದರ ತುಂಬ ಹಬ್ಬಿದ ಬಳ್ಳಿ, ಎಲೆ, ಹೂ. ಬಹುಮಟ್ಟಿಗೆ ಫ್ಲೂರಿ ಹಚ್ಚಿದ ಅಂದಿನ ಬಣ್ಣವೇ ಉಳಿದಿದೆ, ಮೇಲೆ ಮತ್ತೊಮ್ಮೆ ಬಳಿದು ಹೊಳಪು ತಂದಿಲ್ಲ. ಹಾಗಾಗಿ ಮೊದಲ ನೋಟಕ್ಕೆ ಸ್ವಲ್ಪ ಮಾಸಿದಂತೆ ಕಾಣುತ್ತದೆ. ಆ ಮಾಸಲನ್ನೇ ನೋಡಲು ಬರಬೇಕು. ಬೇಸಿಗೆಯ ಸೆಕೆಗೆ ಮರ ಹಿಗ್ಗಿ, ಚಳಿಗಾಲಕ್ಕೆ ಕುಗ್ಗಿ, ಹಲಗೆಯ ಕೂಡಿನುದ್ದಕ್ಕೂ ಬಣ್ಣ ಹೇಗೆ ಬಿಟ್ಟಿದೆ, ಆದರೂ ಎಷ್ಟು ಉಳಿದಿದೆ ಎಂಬುದು ಇಲ್ಲಿ ಕಾಣುವ ಹಾಗೆ ಬೇರೆಡೆ ಕಾಣದು. ಹೈ ಹಿಲ್‌ನಲ್ಲಿ ಸ್ಟಾಕರ್ಟ್ ಮತ್ತು ಕೆರ್ನ್ ಈ ತೊಂದರೆಯನ್ನು ಬೇರೆ ರೀತಿ ಬಿಡಿಸಿದರು: ಕ್ಯಾನ್ವಾಸ್ ಬಟ್ಟೆಯ ಮೇಲೆ ಬರೆದು ಅದನ್ನು ಮೇಲೆ ಅಂಟಿಸಿದರು. ಹಲಗೆ ಅಲುಗಿದರೂ ಬಟ್ಟೆ ಕೊಂಚ ತಾಳಿಕೊಳ್ಳುತ್ತದೆ. ಆದರೆ ನೀರು ಇಳಿದರೆ ಅಂಟು ಬಿಟ್ಟು ಬಟ್ಟೆಯೇ ಜೋತುಬೀಳುತ್ತದೆ.

ನೀರೇ ಈ ಚರ್ಚುಗಳ ದೊಡ್ಡ ವೈರಿ. ಛಾವಣಿಯ ಒಂದು ತಗಡು ಸಡಿಲವಾದರೆ, ಕೆಳಗೆ ಕಲೆ ಕಾಣಿಸುವ ಹೊತ್ತಿಗೆ ಹಲಗೆಯ ಬೆನ್ನು ನೆನೆದು ಎಷ್ಟೋ ದಿನವಾಗಿರುತ್ತದೆ. ಮೇಣದಬತ್ತಿಯ ಮಸಿ ಎರಡನೆಯದು. ಮೂರನೆಯದು ಮನುಷ್ಯರ ಒಳ್ಳೆಯ ಉದ್ದೇಶ. ಡುಬಿನಾದಲ್ಲಿ 1950ರ ದಶಕದಲ್ಲಿ, ಹಳೆಯ ಚಿತ್ತಾರ ಮಂಕಾಗಿದೆ, ಶುಭ್ರವಾಗಿ ಕಾಣಲಿ ಎಂದು ಗೋಡೆಗೆಲ್ಲ ಬಿಳಿ ಬಳಿದುಬಿಟ್ಟರು. 1980ರ ದಶಕದಲ್ಲಿ ಊರವರೇ ಮುಂದಾಗಿ ಹಳೆಯ ವಿನ್ಯಾಸವನ್ನು ಮತ್ತೆ ಬರೆಸಿದರು. ಇವತ್ತು ಅಲ್ಲಿ ಕಾಣುವ ನೀಲಿ ಕಮಾನು, ಹೊನ್ನಿನ ಬಣ್ಣದ ನಕ್ಷತ್ರಗಳು, ದೇವದೂತರು ಇಷ್ಟು ಗಾಢವಾಗಿರುವುದು ಆ ಮರುಬರಹದಿಂದ. ಫೋಟೊದಲ್ಲಿ ನಾಲ್ಕು ಚರ್ಚುಗಳ ಪೈಕಿ ಡುಬಿನಾ ಎದ್ದು ಕಾಣುವುದೂ ಅದಕ್ಕೇ. ಅಪ್ಪ ಅಮ್ಮ ಮೊದಲು ಒಳಗೆ ಕಾಲಿಡುವುದು ಇಲ್ಲಿಯೇ ಆಗಲಿ ಎಂದು ನಾವು ಹೇಳುವುದಕ್ಕೆ ಕಾರಣವೂ ಅದೇ. ಹೊರಗೆ ಸಾದಾ ಬಿಳಿ ಮರದ ಕಟ್ಟಡ. ಎಷ್ಟೋ ಜನ ಕಾರಿನಲ್ಲೇ ಕೂತು ‘ಇದೇನಾ?’ ಎನ್ನುತ್ತಾರೆ.

ಈಗಿರುವುದು ಡುಬಿನಾದ ಮೊದಲ ಚರ್ಚಲ್ಲ. 1877ರ ಕಟ್ಟಡವನ್ನು 1909ರ ಜುಲೈ 21ರಂದು ಟೆಕ್ಸಸ್ ತೀರಕ್ಕೆ ಅಪ್ಪಳಿಸಿದ ಚಂಡಮಾರುತ ಕೆಡವಿತು. ಗೋಪುರದ ತುದಿಯ ಕಬ್ಬಿಣದ ಶಿಲುಬೆಯನ್ನು ನೋಡದೆ ಬರಬೇಡಿ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಟಾಮ್ ಲೀ ಎಂಬಾತ ಹಳೆಯ ಚರ್ಚಿಗೆಂದು ಮಾಡಿದ್ದು ಅದು. ಬಿರುಗಾಳಿಯಲ್ಲಿ ಉಳಿದ ಆ ಶಿಲುಬೆಯನ್ನೇ ಹೊಸದರ ಮೇಲೂ ನಿಲ್ಲಿಸಿದರು. ಅದೇ ಬಿರುಗಾಳಿ ಅಮ್ಮನ್ಸ್‌ವಿಲ್‌ನ ಚರ್ಚನ್ನೂ ಕೆಡವಿತ್ತು. ಮತ್ತೆ ಕಟ್ಟಿದ್ದು 1917ರಲ್ಲಿ ಬೆಂಕಿಗೆ ಹೋಯಿತು. ಈಗಿನದು ಮೂರನೆಯದು. ಒಳಗೆಲ್ಲ ತೆಳು ಗುಲಾಬಿ ಬಣ್ಣ. ಜನ ಅದನ್ನು ಗುಲಾಬಿ ಚರ್ಚೆಂದೇ ಗುರುತಿಸುತ್ತಾರೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಆದರೆ ನಾಲ್ಕರಲ್ಲಿ ಹೆಚ್ಚು ನಿರಾಳವಾಗಿ ಕೂತಿರಬಹುದಾದದ್ದು ಅದೇ. ಡುಬಿನಾದ ಹತ್ತಿರ 1885ರ ಒಂದು ಕಬ್ಬಿಣದ ಸೇತುವೆಯೂ ಇದೆ, ವಾಹನ ದಾಟುವಾಗ ಬರುವ ಸದ್ದಿನಿಂದ ಪಿಯಾನೊ ಬ್ರಿಡ್ಜ್ ಎಂದು ಹೆಸರಾಗಿದೆ. ಸಮಯವಿದ್ದರೆ ಹೋಗಿ. ಈ ಸೀಮೆಯ ಚಿತ್ತಾರದ ಚರ್ಚುಗಳನ್ನು 1983ರಲ್ಲಿ ಒಟ್ಟಾಗಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಗಿದೆ.

ಒಳಗೆ ನಡೆದುಕೊಳ್ಳುವ ಬಗೆ. ಚಪ್ಪಲಿ ಬಿಡಬೇಕಾಗಿಲ್ಲ, ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಬಾಗಿಲಲ್ಲೇ ಬಿಟ್ಟು ತಣ್ಣನೆಯ ನೆಲದ ಮೇಲೆ ನಡೆಯುತ್ತಾರೆ. ಗಂಡಸರು ಟೋಪಿ ತೆಗೆಯಬೇಕು. ತೀರಾ ಚಿಕ್ಕ ಚಡ್ಡಿ, ತೋಳಿಲ್ಲದ ಬನಿಯನ್ ಬೇಡ. ಸೀರೆ, ಚೂಡಿದಾರ್, ಪ್ಯಾಂಟು ಯಾವುದಾದರೂ ಸರಿ. ಬಾಗಿಲ ಹತ್ತಿರದ ಬಟ್ಟಲಿನಲ್ಲಿರುವುದು ಪವಿತ್ರ ಜಲ. ಅವರು ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ತೀರ್ಥವೆಂದು ಕುಡಿಯಲು ಹೋಗಬೇಡಿ. ಮುಂದೆ ಬಲಿಪೀಠದ ಸುತ್ತ ಅಡ್ಡಕಟ್ಟು ಅಥವಾ ಮೆಟ್ಟಿಲಿರುತ್ತದೆ, ಅದನ್ನು ದಾಟಬಾರದು. ಕೆಂಪು ದೀಪ ಉರಿಯುತ್ತಿದ್ದರೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಅಲ್ಲಿದೆ ಎಂದರ್ಥ. ಭಕ್ತರು ಅದರ ಮುಂದೆ ಮಂಡಿಯೂರುತ್ತಾರೆ, ನೀವು ಸುಮ್ಮನೆ ನಿಂತರೆ ಸಾಕು, ಕೈಮುಗಿದರೂ ಯಾರೂ ತಪ್ಪು ತಿಳಿಯರು. ನೀವು ಇರುವಾಗಲೇ ಪೂಜೆ ಶುರುವಾದರೆ ಹಿಂದಿನ ಬೆಂಚಿನಲ್ಲಿ ಕೂತಿರಬಹುದು. ಪ್ರಸಾದ ಸ್ವೀಕರಿಸಲು ಎಲ್ಲರೂ ಸಾಲಾಗಿ ಏಳುವಾಗ ನೀವು ಏಳಬೇಡಿ, ಅದು ದೀಕ್ಷೆಯಾದ ಕಥೋಲಿಕರಿಗೆ ಮಾತ್ರ. ಇದೊಂದರಲ್ಲಿ ನಮ್ಮವರು ಎಡವುವುದುಂಟು, ದೇವಸ್ಥಾನದ ಪ್ರಸಾದದ ರೂಢಿಯಿಂದ.

ಅಂತ್ಯಕ್ರಿಯೆ ನಡೆಯುತ್ತಿದ್ದರೆ ಒಳಗೆ ಹೋಗಲೇಬೇಡಿ, ಮುಂದಿನ ಚರ್ಚು ನೋಡಿಕೊಂಡು ಮರಳಿ ಬನ್ನಿ.

ಫೋಟೊಗೆ ಅಡ್ಡಿಯಿಲ್ಲ, ಫ್ಲ್ಯಾಶ್ ಬೇಡ. ನಡುದಾರಿಯ ಹಿಂತುದಿಯಲ್ಲಿ ನಿಂತು, ಫೋನಿನ ಅಗಲ ಲೆನ್ಸ್ ಬಳಸಿ, ಪರದೆಯ ಮೇಲೆ ಛಾವಣಿಯ ಭಾಗವನ್ನು ಒತ್ತಿ ಬೆಳಕು ಹೊಂದಿಸಿಕೊಳ್ಳಿ. ಕಿಟಕಿಯನ್ನು ಒತ್ತಿದರೆ ಚಿತ್ತಾರವೆಲ್ಲ ಕಪ್ಪಾಗುತ್ತದೆ. ಕತ್ತೆತ್ತಿ ಬಹಳ ಹೊತ್ತು ನೋಡುವುದು ಹಿರಿಯರಿಗೆ ಕಷ್ಟ, ತಲೆ ಸುತ್ತುವುದೂ ಉಂಟು. ಬೆಂಚಿನಲ್ಲಿ ಕೂರಿಸಿ, ಒಂದು ಅಂಗೈ ಅಗಲದ ಕನ್ನಡಿ ಕೊಡಿ. ತೊಡೆಯ ಮೇಲಿಟ್ಟುಕೊಂಡು ಛಾವಣಿಯನ್ನೆಲ್ಲ ಅದರಲ್ಲೇ ನೋಡಬಹುದು. ಸಣ್ಣ ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು. ಬಾಗಿಲ ಮುಂದೆ ಮೆಟ್ಟಿಲುಗಳಿರುತ್ತವೆ. ಹತ್ತಲಾಗದವರಿದ್ದರೆ ಇಳಿಜಾರು ದಾರಿ ಯಾವ ಬದಿಗಿದೆ ಎಂದು ಫೋನಿನಲ್ಲೇ ಕೇಳಿಡಿ.

ಚರ್ಚಿನ ಪಕ್ಕದ ಸಮಾಧಿ ಸ್ಥಳವನ್ನು ಬಿಡಬೇಡಿ. ಹಳೆಯ ಕಲ್ಲುಗಳ ಬರಹ ಚೆಕ್ ಭಾಷೆಯಲ್ಲಿದೆ. ಜೆಡ್, ಡಿ, ಇ ಎಂಬ ಮೂರಕ್ಷರದ ಪದದಿಂದ ಶುರುವಾದರೆ ‘ಇಲ್ಲಿ ವಿಶ್ರಮಿಸುತ್ತಿರುವವರು’ ಎಂದು. ಹೈ ಹಿಲ್‌ನಲ್ಲಿ ಅದರ ಜಾಗದಲ್ಲಿ ಎಚ್, ಐ, ಇ, ಆರ್ ಕಾಣುತ್ತದೆ, ಅದು ಜರ್ಮನ್. ‘ನಾರ್’ ಎಂಬ ಸಂಕ್ಷೇಪದ ಮುಂದಿನದು ಹುಟ್ಟಿದ ದಿನ, ‘ಜೆಮ್’ (ಜೆಡ್, ಇ, ಎಂ) ಮುಂದಿನದು ತೀರಿಕೊಂಡ ದಿನ. ಕೆಲವು ಕಲ್ಲುಗಳಲ್ಲಿ ಪಿಂಗಾಣಿಯ ಮೇಲೆ ಮೂಡಿಸಿದ ಮೊಟ್ಟೆಯಾಕಾರದ ಭಾವಚಿತ್ರಗಳಿವೆ. ಪ್ರಾಹಾದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಆ ಊರಿನ ಒಂಬತ್ತು ಯುವಕರ ಸ್ಮಾರಕವಿದೆ. ಊರು ಎಷ್ಟು ಚಿಕ್ಕದು ಎಂದು ಸುತ್ತ ಕಣ್ಣಾಡಿಸಿದರೆ ಆ ಸಂಖ್ಯೆಯ ಭಾರ ತಿಳಿಯುತ್ತದೆ. ಹುಲ್ಲಿನಲ್ಲಿ ನಡೆಯುವಾಗ ಮುಚ್ಚಿದ ಶೂ ಇರಲಿ. ಅಲ್ಲಿನ ಬೆಂಕಿ ಇರುವೆಗಳು ಮಣ್ಣನ್ನು ಸಣ್ಣ ಗುಪ್ಪೆ ಮಾಡಿಕೊಂಡಿರುತ್ತವೆ, ಗೊತ್ತಿಲ್ಲದೆ ಮೇಲೆ ಕಾಲಿಟ್ಟರೆ ನಿಮಿಷದೊಳಗೆ ಕಾಲೆಲ್ಲ ಕಚ್ಚಿ ಬೊಬ್ಬೆ ಏಳಿಸುತ್ತವೆ.

ಊಟ. ಈ ಹಳ್ಳಿಗಳಲ್ಲಿ ಅಂಗಡಿಯಿಲ್ಲ, ಪೆಟ್ರೋಲ್ ಬಂಕಿಲ್ಲ, ಶೌಚಾಲಯ ತೆರೆದಿರುತ್ತದೆಂದು ನಂಬುವಂತಿಲ್ಲ. ಎಲ್ಲವನ್ನೂ ಶುಲೆನ್‌ಬರ್ಗ್‌ನಲ್ಲಿ ಮುಗಿಸಿಕೊಂಡು ಹೊರಡಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ನೆಮ್ಮದಿ, ಏಕೆಂದರೆ ಆ ಕಡೆಯ ಹೋಟೆಲುಗಳಲ್ಲಿ ಮಾಂಸದ್ದೇ ಕಾರುಬಾರು. ಚರ್ಚಿನ ಒಳಗೆ ತಿನ್ನಬಾರದು. ಹೊರಗೆ ಮರದಡಿ ತಿಂದರೆ ಕಸವನ್ನು ಕಾರಿಗೇ ಹಾಕಿಕೊಳ್ಳಿ.

ಚೆಕ್ಕರ ಕೊಲಾಚೆಯನ್ನು ರುಚಿ ನೋಡಬೇಕು ಅನಿಸುವುದು ಸಹಜ. ಮೆತ್ತನೆಯ ಹುದುಗಿನ ಬನ್ನಿನ ನಡುವೆ ಕುಳಿ ಮಾಡಿ ಹೂರಣ ತುಂಬಿ ಬೇಯಿಸಿದ್ದು ಅದು. ಏಪ್ರಿಕಾಟ್, ಒಣದ್ರಾಕ್ಷಿಯಂಥ ಪ್ರೂನ್, ಸಿಹಿ ಗಿಣ್ಣು, ಗಸಗಸೆ ಇವು ಹಳೆಯ ಹೂರಣಗಳು. ಗಸಗಸೆಯದನ್ನು ಅಮ್ಮನಿಗೆ ಕೊಡಿಸಿ. ಆದರೆ ಎರಡು ಎಚ್ಚರಿಕೆ. ಟೆಕ್ಸಸ್‌ನಲ್ಲಿ ಸಾಸೇಜ್ ತುಂಬಿ ಪೂರ್ತಿ ಮುಚ್ಚಿದ ಬನ್ನನ್ನೂ ಕೊಲಾಚೆ ಎಂದೇ ಮಾರುತ್ತಾರೆ. ಅದರ ಸರಿಯಾದ ಹೆಸರು ಕ್ಲೊಬಾಸ್ನೆಕ್, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ. ಹೂರಣ ಮೇಲೆ ಕಾಣುವುದನ್ನೇ ಕೊಳ್ಳಿ, ಮುಚ್ಚಿದ್ದನ್ನು ಕೇಳದೆ ಕೊಳ್ಳಬೇಡಿ. ಎರಡನೆಯದು, ಹಿಟ್ಟಿಗೆ ಮೊಟ್ಟೆ ಹಾಕುವುದು ವಾಡಿಕೆ, ಕೆಲವರು ಬೆಣ್ಣೆಯ ಬದಲು ಹಂದಿ ಕೊಬ್ಬೂ ಬಳಸುತ್ತಾರೆ. ಮೊಟ್ಟೆ ಮುಟ್ಟದವರಾದರೆ ಆಸೆ ಬಿಡುವುದೇ ಸರಿ. ಮೊಟ್ಟೆ ಆಗುತ್ತದೆ ಎನ್ನುವವರು ಕೊಬ್ಬಿನ ಬಗ್ಗೆ ಮಾತ್ರ ಕೇಳಿಕೊಳ್ಳಿ. ಬೇಕರಿಗಳಲ್ಲಿ ಬಗೆಬಗೆ ಸಿಗುವುದು ಬೆಳಿಗ್ಗೆ ಬೇಗ.

ಕಾಲ ಯಾವುದು ಒಳ್ಳೆಯದು ಎಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ರಸ್ತೆಯ ಎರಡೂ ಬದಿಗೆ ಬ್ಲೂಬಾನೆಟ್ ಹೂಗಳಿರುತ್ತವೆ. ಇಲ್ಲವೇ ಅಕ್ಟೋಬರ್, ನವೆಂಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, ಹಿರಿಯರಿಗೆ ಬೇಡ. ಬಿಸಿಲಿಗೆ ಅಂಜದವರಿಗೆ ಆಗಸ್ಟ್ 15ರಂದು ಪ್ರಾಹಾದ ವಾರ್ಷಿಕ ಹಬ್ಬವಿದೆ. ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಮಾತೆ ಮರಿಯಳ ಸ್ವರ್ಗಸ್ವೀಕಾರದ ದಿನ. ವಾದ್ಯ, ಕುಣಿತ, ಊಟ ಎಲ್ಲ ಜೋರು. ಆದರೆ ಅವತ್ತು ಜನಜಂಗುಳಿಯಲ್ಲಿ ಛಾವಣಿ ನೋಡುವುದು ಕಷ್ಟ, ಹಬ್ಬ ನೋಡಬೇಕೆಂದೇ ಹೋಗಬೇಕು.

ಇನ್ನು ರೈತರ ಕಥೆಗೆ ಹತ್ತಿರ ಬರುವ ಚರ್ಚು. ಅದು ಶುಲೆನ್‌ಬರ್ಗ್ ಸುತ್ತಿನಲ್ಲಿಲ್ಲ, ಹ್ಯೂಸ್ಟನ್ ಮತ್ತು ಆಸ್ಟಿನ್ ನಡುವೆ, ಬ್ರೆನಮ್ ಕಡೆಯ ವೆಸ್ಲಿ ಎಂಬ ಪುಟ್ಟ ಊರಿನಲ್ಲಿದೆ. 1866ರಲ್ಲಿ ಕಟ್ಟಿದ ಇದು ಕಥೋಲಿಕರದಲ್ಲ, 1415ರಲ್ಲಿ ಜೀವಂತ ಸುಡಲ್ಪಟ್ಟ ಚೆಕ್ ಧರ್ಮಸುಧಾರಕ ಯಾನ್ ಹುಸ್‌ನ ಪರಂಪರೆಯ ಚೆಕ್ ಪ್ರಾಟೆಸ್ಟೆಂಟರದು. ಇಲ್ಲಿ ಗೋಡೆಗೆ ಬಣ್ಣ ಹಚ್ಚಿದವನು ಬಾಡಿಗೆಯ ಚಿತ್ತಾರಗಾರನಲ್ಲ, ಆ ಚರ್ಚಿನ ಪಾದ್ರಿಯೇ ಆಗಿದ್ದ ಬೊಹುಸ್ಲಾವ್ ಎಮಿಲ್ ಲಾಸಿಯಾಕ್. ಮರದ ಗೋಡೆಯ ಮೇಲೆ ಇಟ್ಟಿಗೆಯ ಸಾಲು, ಕಲ್ಲಿನ ಕಂಬಗಳನ್ನು ಕುಂಚದಲ್ಲೇ ಎಬ್ಬಿಸಿದ್ದಾನೆ. ಫ್ಲೂರಿಯ ಪಳಗಿದ ಕೈ ಇಲ್ಲಿಲ್ಲ, ಗೆರೆಗಳು ಅಲ್ಲಲ್ಲಿ ಓಲಾಡುತ್ತವೆ. ಕೆಲವರಿಗೆ ಇದೇ ಎಲ್ಲಕ್ಕಿಂತ ಹಿಡಿಸುತ್ತದೆ. ಅದೇ ದಿನ ಇದನ್ನೂ ಸೇರಿಸಿದರೆ ಅಪ್ಪ ಅಮ್ಮನಿಗೆ ಹೆಚ್ಚಾದೀತು, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಮತ್ತು ಹೋಗುವ ಮೊದಲು ಚರ್ಚಿನವರ ಹತ್ತಿರ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ಸುಮ್ಮನೆ ಹೋದರೆ ಬೀಗ ಹಾಕಿರುವ ಸಾಧ್ಯತೆಯೇ ಹೆಚ್ಚು.